ಸೊಪ್ಪಿನ ಸಾನ್ ಮತ್ತು ಭಾನುವಾರದ ಬಾಕ್ಸಿಂಗ್

ನನಗೆ ಬಾಕ್ಸಿಂಗ್ ಕಂಡರೆ ಮೊದಲಿನಿಂದಲೂ ಆಗದು. ಇಬ್ಬರು ಗಂಡಸರು ಚಡ್ಡಿ ಹಾಕಿಕೊಂಡು ನಿಂತು ಒಬ್ಬರ ಮೂಗನ್ನೊಬ್ಬರು ಜಜ್ಜುವುದನ್ನು ದುಡ್ಡು ಕೊಟ್ಟು ನೋಡುವವರಿಗೆ ಬೇರೆ ಕೆಲಸವಿಲ್ಲ ಎಂದೇ ನಂಬಿದವಳು ನಾನು. ಅಂಥವಳು ಜಪಾನಿನ ನಗೋಯಾದ ಒಂದು ಸಣ್ಣ ಟಿವಿ ವಾಹಿನಿಯಲ್ಲಿ ಆರು ವರ್ಷ ಕೂತು, ಬಾಕ್ಸಿಂಗ್ ಪಂದ್ಯಗಳ ನಡುವೆ ಜಾಹೀರಾತು ತುರುಕುವ ಕೆಲಸ ಮಾಡಿದೆ. ಹೊಟ್ಟೆಪಾಡು ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಗಂಡ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್, ಮನೆ ಹೇಗೋ ನಡೆಯುತ್ತಿತ್ತು. ಆದರೆ ಮಗಳು ಶಾಲೆಗೆ ಹೋದ ಮೇಲೆ ಗೋಡೆ ನೋಡಿಕೊಂಡು ಕೂತು ಕೂತು ನನಗೆ ತಲೆ ಕೆಟ್ಟಿತ್ತು. ಹಟ ಹಿಡಿದು ಕಲಿತ ಜಪಾನಿ ಭಾಷೆ ಮರೆತೇ ಹೋದೀತೆಂಬ ಭಯವೂ ಇತ್ತು. ಸಿಕ್ಕಿದ ಕೆಲಸ ಹಿಡಿದೆ. ಗುತ್ತಿಗೆಯ ಕೆಲಸ, ಮೂರು ತಿಂಗಳಿಗೊಮ್ಮೆ ಕಾಗದ ಹೊಸದಾಗಬೇಕು.

ಕೆಲಸವೆಂದರೆ ಒಂದು ದೊಡ್ಡ ಪಟ್ಟಿ ತುಂಬುವುದು. ಯಾವ ಕಾರ್ಯಕ್ರಮ, ಅದಕ್ಕೆ ವಾಹಿನಿ ಎಷ್ಟು ಖರ್ಚು ಮಾಡಿದೆ, ಯಾವ ಕಂಪನಿ ಪ್ರಾಯೋಜಕ, ಎಷ್ಟು ಸೆಕೆಂಡಿನ ಜಾಹೀರಾತು ಎಲ್ಲಿ ಬರಬೇಕು. ಅಡುಗೆ ಕಾರ್ಯಕ್ರಮ, ಹವಾಮಾನ, ಊರೂರಿನ ಹೋಟೆಲುಗಳಲ್ಲಿ ನೂಡಲ್ಸ್ ತಿಂದು ಕಣ್ಣರಳಿಸುವ ಕಾರ್ಯಕ್ರಮ, ಇವೆಲ್ಲ ಹೇಳಿದ ಮಾತು ಕೇಳುತ್ತಿದ್ದವು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಬರುತ್ತಿದ್ದ ಬಾಕ್ಸಿಂಗ್ ನೇರ ಪ್ರಸಾರ ಮಾತ್ರ ಕೇಳುತ್ತಿರಲಿಲ್ಲ.

ಯಾಕೆಂದರೆ ಬಾಕ್ಸಿಂಗ್ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಮೂರು ನಿಮಿಷ ಹೊಡೆದಾಟ, ಒಂದು ನಿಮಿಷ ವಿರಾಮ. ಆ ಒಂದು ನಿಮಿಷವೇ ನಮ್ಮ ಅಂಗಡಿ. ಹತ್ತು ರೌಂಡಿನ ಪಂದ್ಯವಾದರೆ ನಡುವೆ ಒಂಬತ್ತು ವಿರಾಮ, ಒಂಬತ್ತನ್ನೂ ಮೊದಲೇ ಮಾರಿರುತ್ತೇವೆ. ಯಾರೋ ಒಬ್ಬ ಎರಡನೇ ರೌಂಡಿನಲ್ಲೇ ಗಲ್ಲಕ್ಕೆ ಗುದ್ದಿಸಿಕೊಂಡು ಮಲಗಿಬಿಟ್ಟರೆ ಒಂದು ನಿಮಿಷದ ಜಾಹೀರಾತು ಬಂದಿರುತ್ತದೆ, ಎಂಟು ನಿಮಿಷದ್ದು ಕೈಯಲ್ಲೇ ಉಳಿಯುತ್ತದೆ. ಮಾರಿದ್ದೇವೆಂದ ಮೇಲೆ ತೋರಿಸಲೇಬೇಕು. ಹಾಗಾಗಿ ಜಪಾನಿನಲ್ಲೆಲ್ಲ ಜನ ನಾಕೌಟ್ ಆಗಲಿ ಎಂದು ಟಿವಿ ಮುಂದೆ ಕೂತಿದ್ದರೆ, ನಮ್ಮ ವಿಭಾಗದವರು ಮಾತ್ರ ಯಾರೂ ಬೀಳಬೇಡಿರಪ್ಪ ಎಂದು ಉಸಿರು ಬಿಗಿಹಿಡಿದಿರುತ್ತಿದ್ದೆವು. ನಾನಂತೂ ಮೂರನೇ ರೌಂಡಿನ ಹೊತ್ತಿಗೆ ಕುಂಟುತ್ತಿರುವವನ ಪಕ್ಷ ವಹಿಸಿಬಿಡುತ್ತಿದ್ದೆ.

ಬೇಗ ಮುಗಿದುಹೋದರೆ ಇರಲಿ ಎಂದು ಅದೇ ದಿನ ಬೆಳಿಗ್ಗೆ ನಡೆದ ಸಣ್ಣ ಬಾಕ್ಸರ್‌ಗಳ ಪಂದ್ಯಗಳನ್ನು ಚಿತ್ರೀಕರಿಸಿ ಇಟ್ಟುಕೊಂಡಿರುತ್ತಿದ್ದರು. ಅವು ಬರೀ ತುಂಬುವುದಕ್ಕೆ. ದೊಡ್ಡವನು ಬೇಗ ಬಿದ್ದರೆ ಮಾತ್ರ ಸಣ್ಣವನ ಮುಖ ಟಿವಿಯಲ್ಲಿ ಬರುತ್ತಿತ್ತು. ಒಂದು ಭಾನುವಾರ ಹಾಗೆ ಎರಡನೇ ರೌಂಡಿಗೇ ಎಲ್ಲ ಮುಗಿದು, ನಾನು ಗಡಿಬಿಡಿಯಲ್ಲಿ ಪಟ್ಟಿ ತಿದ್ದುತ್ತಿದ್ದಾಗ ಪರದೆಯ ಮೇಲೆ ಬಂದ ಮುಖ ನೋಡಿ ಪೆನ್ನು ಕೆಳಗಿಟ್ಟೆ. ನಮ್ಮ ಸೊಪ್ಪಿನ ಸಾನ್.

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಸೂಪರ್‌ಮಾರ್ಕೆಟ್ಟಿನಲ್ಲಿ ತರಕಾರಿ ನೋಡಿಕೊಳ್ಳುವವರು ಅವರು. ಸಣಕಲು ಮೈ, ಉದ್ದ ಕೈ, ಬೇರೆಯವರಿಗಿಂತ ಮೊದಲೇ ಬಗ್ಗಿ ನಮಸ್ಕರಿಸುವ ಅಭ್ಯಾಸ. ಆ ದೇಶದಲ್ಲಿ ಕೊತ್ತಂಬರಿಯನ್ನು ಔಷಧಿಯ ಹಾಗೆ ಮೂರೇ ಕಡ್ಡಿ ಪ್ಲಾಸ್ಟಿಕ್ಕಿನಲ್ಲಿ ಮಲಗಿಸಿ ಮಾರುತ್ತಾರೆ. ಅಲ್ಲಿರುವ ಭಾರತದ ಹೆಂಗಸರಿಗೆ ಕಂತೆಗಟ್ಟಲೆ ಬೇಕು ಎಂಬುದನ್ನು ಯಾರೂ ಹೇಳದೆ ಗಮನಿಸಿ, ಯಾವುದೋ ರೈತರನ್ನು ಹಿಡಿದು, ಪ್ರತಿ ಗುರುವಾರ ಒಂದು ಕ್ರೇಟ್ ಬೇರುಸಹಿತ ಕೊತ್ತಂಬರಿ ತರಿಸುತ್ತಿದ್ದರು. ನಮ್ಮ ಕನ್ನಡದ ಗುಂಪಿನಲ್ಲಿ ಅವರಿಗೆ ಸೊಪ್ಪಿನ ಸಾನ್ ಎಂದೇ ಹೆಸರಾಯಿತು; ಅಲ್ಲಿ ಮರ್ಯಾದೆಗೆ ಎಲ್ಲರ ಹೆಸರಿಗೂ ಸಾನ್ ಸೇರಿಸುತ್ತಾರೆ. ಮಗಳು ನಾಚಿಕೆಯಿಂದ ಸಾಯುತ್ತಿದ್ದಳು, ಹಾಗೆ ಕರೆಯಬೇಡ ಎಂದು ನನಗೆ ಜಪಾನಿಯಲ್ಲಿ ಗದರುತ್ತಿದ್ದಳು.

ಮರುದಿನ ಅಂಗಡಿಗೆ ಹೋದೆ. ಎಡಗಣ್ಣು ಊದಿಕೊಂಡಿತ್ತು. ನಿನ್ನೆ ಟಿವಿಯಲ್ಲಿ ನೋಡಿದೆ, ನಾನು ಅಲ್ಲೇ ಕೆಲಸ ಮಾಡುವುದು ಎಂದೆ. ಅವರು ಮೂಲಂಗಿ ಕೆಳಗಿಟ್ಟು, ನಾನೇ ಕರೆದು ತೋರಿಸಿದೆನೇನೋ ಎಂಬಂತೆ ಎರಡು ಸಲ ಬಗ್ಗಿದರು.

"ನಾಲ್ಕು ನಿಮಿಷ ತೋರಿಸಿದರು, ಓಕುಸಾನ್" ಎಂದರು. ಮನೆಯೊಡತಿಯರನ್ನು ಅಲ್ಲಿ ಹಾಗೆ ಕರೆಯುತ್ತಾರೆ. "ಹದಿನಾರು ವರ್ಷದಲ್ಲಿ ಮೊದಲನೇ ಸಲ. ನಮ್ಮಮ್ಮ ನೋಡಿದರಂತೆ."

ಹದಿನಾರು ವರ್ಷ ಪೆಟ್ಟು ತಿಂದದ್ದಕ್ಕೆ ನಾಲ್ಕು ನಿಮಿಷ. ಅದೂ ಇನ್ನೊಬ್ಬ ಬೇಗ ಬಿದ್ದ ಕಾರಣಕ್ಕೆ. ನನಗೆ ಮೈಯೆಲ್ಲ ಉರಿಯಿತು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಅಲ್ಲಿಂದ ಮುಂದೆ ಅವರ ಪಂದ್ಯವಿದ್ದಾಗಲೆಲ್ಲ ನಾವು ಟಿಕೆಟ್ ಕೊಳ್ಳತೊಡಗಿದೆವು. ಸಣ್ಣ ಬಾಕ್ಸರ್‌ಗಳು ಟಿಕೆಟ್ಟುಗಳನ್ನು ತಾವೇ ಮಾರುತ್ತಾರೆ, ಅದು ಅಲ್ಲಿನ ಪದ್ಧತಿ. ಕೆಲಸ ಮುಗಿಸಿ ಏಪ್ರನ್ ಬಿಚ್ಚಿ, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಕೊರೊನಾ ಸೋಂಕು ಬಂದ ವರ್ಷದ ವಸಂತಕ್ಕೆ ಅವರಿಗೊಂದು ಒಳ್ಳೆಯ ಪಂದ್ಯ ಗೊತ್ತಾಗಿತ್ತು. ಯುಗಾದಿಯ ಆಸುಪಾಸು ಬಿದ್ದದ್ದರಿಂದ, ಬೆಳಿಗ್ಗೆ ಪಂದ್ಯ, ಮಧ್ಯಾಹ್ನ ಪಾರ್ಕಿನಲ್ಲಿ ಹೋಳಿಗೆ ಊಟ ಎಂದು ನಮ್ಮ ಗುಂಪಿನವರು ಇಪ್ಪತ್ತು ಟಿಕೆಟ್ ತೆಗೆದುಕೊಂಡೆವು. ಆಮೇಲೆ ಎಲ್ಲವೂ ನಿಂತುಹೋಯಿತು. ಪಂದ್ಯವೂ ರದ್ದು, ಹೋಳಿಗೆಯೂ ರದ್ದು.

ವಾಟ್ಸಾಪ್ ಗುಂಪಿನಲ್ಲಿ ಎರಡೇ ದಿನಕ್ಕೆ ಮಾತು ಶುರುವಾಯಿತು. "ರೀ, ಆ ಟಿಕೆಟ್ ರೀಫಂಡ್ ಹೆಂಗೆ? ನೀವೇ ಕೇಳ್ಬೇಕು, ನಿಮ್ಗೆ ಜಪಾನೀಸ್ ಬರತ್ತಲ್ಲ." ನನಗೂ ಇಂಥ ಕೆಲಸವೆಂದರೆ ಹುಮ್ಮಸ್ಸು. ಮನೆ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಟಿಕೆಟ್ ಸಂಗ್ರಹಿಸಿದೆ, ಹೆಸರುಗಳ ಪಟ್ಟಿ ಮಾಡಿದೆ, ಇಪ್ಪತ್ತನ್ನೂ ರಬ್ಬರ್ ಬ್ಯಾಂಡ್ ಹಾಕಿ ಸೊಪ್ಪಿನ ಸಾನ್ ಕೈಗೆ ಕೊಟ್ಟೆ. ಅವರು ಅಭ್ಯಾಸ ಮಾಡುವ ಜಿಮ್ಮಿನವರೋ ಪಂದ್ಯ ನಡೆಸುವವರೋ ಹಣ ಹಿಂತಿರುಗಿಸುತ್ತಾರೆ, ಇವರು ನಡುವಿನ ಪೋಸ್ಟ್‌ಮ್ಯಾನ್ ಅಷ್ಟೇ ಎಂದುಕೊಂಡಿದ್ದೆ. ಅವರು ಪಟ್ಟಿಯನ್ನು ಒಂದು ಕ್ಷಣ ನೋಡಿದರು. "ತೊಂದರೆ ಕೊಟ್ಟುಬಿಟ್ಟೆ" ಎಂದು ನನಗೇ ಕ್ಷಮೆ ಕೇಳಿದರು. ಮರುದಿನ ಬ್ಯಾಂಕಿನ ಲಕೋಟೆಯಲ್ಲಿ ಗರಿಗರಿ ನೋಟು, ಒಂದು ಯೆನ್ ಕಡಿಮೆಯಿಲ್ಲದೆ. ಗುಂಪಿನಲ್ಲಿ ಹೊಗಳಿಕೆಯ ಸುರಿಮಳೆ. "ಜಪಾನ್ ಅಂದ್ರೆ ಜಪಾನ್ ಕಣ್ರೀ, ಎಷ್ಟು ಪ್ರಾಂಪ್ಟ್ ನೋಡಿ" ಎಂದರು. ನಾನೂ ಬೀಗಿದೆ.

ಒಂದು ತಿಂಗಳ ಮೇಲೆ ನಮ್ಮ ವಿಭಾಗದ ಮುಖ್ಯಸ್ಥರ ಹತ್ತಿರ ಈ ಕಥೆ ಹೇಳಿದೆ. ಅವರನ್ನು ಎಲ್ಲರೂ ಬುಚೋ ಎಂದೇ ಕರೆಯುತ್ತಿದ್ದೆವು. ವಿಭಾಗದ ಯಜಮಾನನಿಗೆ ಅಲ್ಲಿ ಹಾಗನ್ನುವುದು. ಹುಡುಗಾಟದ ವಯಸ್ಸಿನಿಂದ ರಿಂಗಿನ ಪಕ್ಕ ಕೇಬಲ್ ಎಳೆದುಕೊಂಡೇ ಮೇಲೆ ಬಂದ ಮನುಷ್ಯ, ಬಾಕ್ಸಿಂಗ್ ಎಂದರೆ ಜೀವ.

"ಆ ಟಿಕೆಟ್ಟುಗಳೇ ಅವರ ಸಂಬಳ" ಎಂದರು. "ಅವರ ಮಟ್ಟದ ಬಾಕ್ಸರ್‌ಗೆ ಜಿಮ್ಮಿನವರು ಹಣ ಕೊಡುವುದಿಲ್ಲ, ಟಿಕೆಟ್ ಕಟ್ಟು ಕೊಡುತ್ತಾರೆ. ಮಾರಿದರೆ ಮಾರಿದ್ದು ಅವರದು. ಪಂದ್ಯ ನಿಂತರೆ ಹಿಂತಿರುಗಿಸುವುದೂ ಅವರೇ, ಸ್ವಂತ ಜೇಬಿನಿಂದ."

"ಹಾಗಾದರೆ ಬೇರೆಯವರೆಲ್ಲ ಏನು ಮಾಡಿದರು?"

"ಅಭಿಮಾನಿಗಳು ವಾಪಸ್ ಕೊಡುವುದಿಲ್ಲ. ಗೊತ್ತಿಲ್ಲದವರ ಹಾಗೆ ಡ್ರಾಯರಿನಲ್ಲಿ ಇಟ್ಟುಕೊಂಡು ಸುಮ್ಮನಿರುತ್ತಾರೆ."

ನಾನು ಪಟ್ಟಿ ಮಾಡಿ, ಹೆಸರಿನ ಮುಂದೆ ಟಿಕ್ ಹಾಕಿ ವಸೂಲು ಮಾಡಿದ್ದೆ. ಸಾಲದ್ದಕ್ಕೆ ಅಂಗಡಿಯಲ್ಲಿ, ಅವರ ಜೊತೆ ಕೆಲಸ ಮಾಡುವವರ ಎದುರಿಗೆ. ಆ ಸಂಜೆ ನನ್ನ ಮನೆಯ ಟಿಕೆಟ್ಟಿನ ಹಣವನ್ನಾದರೂ ಹಿಂದಕ್ಕೆ ಕೊಡೋಣವೆಂದು ಅಂಗಡಿಗೆ ಹೋದೆ. ಸೊಪ್ಪಿನ ಸಾನ್ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡರು. ಬೇರೆ ಪಂದ್ಯವಾದಾಗ ಬನ್ನಿ, ಈಗ ಹಣ ತೆಗೆದುಕೊಂಡರೆ ನಾನು ಹೊಡೆದಾಡದೆ ಸಂಪಾದಿಸಿದ ಹಾಗಾಗುತ್ತದೆ ಎಂದರು. ನನಗೆ ಅಲ್ಲೇ ಕ್ರೇಟಿನ ಮೇಲೆ ಕೂತು ಅಳಬೇಕೆನಿಸಿತು. ಏನೂ ತೋಚದೆ ಆರು ಕಂತೆ ಕೊತ್ತಂಬರಿ ಕೊಂಡು ಮನೆಗೆ ಬಂದೆ. ವಾರವಿಡೀ ಚಟ್ನಿ ತಿಂದು ಗಂಡ ಯಾಕೆಂದು ಕೇಳಿದಾಗ ಅವನ ಮೇಲೇ ರೇಗಿದೆ.

ಸೋಂಕಿನ ಎರಡನೇ ವರ್ಷದ ಬೇಸಿಗೆಗೆ ಸೊಪ್ಪಿನ ಸಾನ್ ಅವರ ಭಾಗ್ಯ ಸ್ವಲ್ಪ ಕಣ್ಣು ತೆರೆಯಿತು. ಶ್ರೇಯಾಂಕದಲ್ಲಿ ಅವರಿಗಿಂತ ಮೇಲಿದ್ದ ಇಬ್ಬರು ಬೇಸತ್ತು ನಿವೃತ್ತರಾದದ್ದರಿಂದ ಜಪಾನಿನ ಚಾಂಪಿಯನ್ ಪಟ್ಟಕ್ಕೆ ಸವಾಲು ಹಾಕುವ ಅವಕಾಶ ಅವರಿಗೆ ಬಂತು. ಐವತ್ತೆರಡು ಕಿಲೋ ತೂಕದ ವಿಭಾಗ, ಹತ್ತು ರೌಂಡು, ನಗೋಯಾದಲ್ಲೇ, ಅಕ್ಟೋಬರಿನಲ್ಲಿ. ಅವರಿಗೆ ಆಗ ಮೂವತ್ತಾರು ವರ್ಷ, ನವೆಂಬರಿಗೆ ಮೂವತ್ತೇಳು. ಮೂವತ್ತೇಳಕ್ಕೆ ಬಾಕ್ಸರನ ಲೈಸೆನ್ಸ್ ತಾನಾಗಿಯೇ ರದ್ದಾಗುವುದು ಆಗಿನ ನಿಯಮ. ಪಟ್ಟ ಗೆದ್ದವನಿಗೆ ಮಾತ್ರ ಅದು ಕೈಯಲ್ಲಿರುವವರೆಗೆ ಮುಂದುವರಿಯಲು ಬಿಡುತ್ತಿದ್ದರು. ಆಮೇಲೆ ಕೆಲವು ವರ್ಷಕ್ಕೆ ಆ ನಿಯಮವನ್ನೇ ತೆಗೆದುಹಾಕಿದರಂತೆ. ಅದನ್ನು ಓದಿದ ದಿನ ನಾನು ಪತ್ರಿಕೆಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದೆ. ಆಗ ಮಾತ್ರ ಲೆಕ್ಕ ಸರಳವಾಗಿತ್ತು: ಹುಟ್ಟುಹಬ್ಬಕ್ಕೆ ಮುಂಚೆ ಪಂದ್ಯ ನಡೆಯಬೇಕು, ಇಲ್ಲದಿದ್ದರೆ ಹದಿನೆಂಟು ವರ್ಷ ಅಲ್ಲಿಗೆ ಮುಗಿಯಿತು.

ಪಂದ್ಯ ನಡೆಯುವುದು ಟಿವಿಯ ಮೇಲೆ ನಿಂತಿತ್ತು. ಜಪಾನಿನಲ್ಲಿ ಪಂದ್ಯ ಏರ್ಪಡಿಸುವುದು ಜಿಮ್ಮಿನ ಯಜಮಾನರೇ. ಸಭಾಂಗಣದ ಬಾಡಿಗೆ, ಎದುರಾಳಿ ಚಾಂಪಿಯನ್ನನಿಗೆ ಕೊಡಬೇಕಾದದ್ದು, ರೆಫರಿಗಳು, ವೈದ್ಯರು, ಈಗ ಎಲ್ಲರಿಗೂ ಮೂಗಿಗೆ ಕಡ್ಡಿ ಹಾಕಿಸುವ ಖರ್ಚು ಬೇರೆ. ಮೊದಲೆಲ್ಲ ಅರ್ಧ ಟಿಕೆಟ್ಟಿನಿಂದ, ಅರ್ಧ ಟಿವಿಯವರು ಕೊಡುವ ಹಣದಿಂದ ಸರಿದೂಗುತ್ತಿತ್ತು. ಈಗ ಕುರ್ಚಿ ಬಿಟ್ಟು ಕುರ್ಚಿ ಕೂರಿಸಬೇಕು, ಬರುವವರೂ ಇಲ್ಲ. ಟಿವಿ ಹಣ ಬಂದರೆ ಪಂದ್ಯ, ಬರದಿದ್ದರೆ ಮುಂದಿನ ವರ್ಷ ನೋಡೋಣ ಎಂದು ಜಿಮ್ಮಿನ ಯಜಮಾನರು ಹೇಳಿಬಿಟ್ಟಿದ್ದರು. ಮುಂದಿನ ವರ್ಷ ಎಂಬುದು ಸೊಪ್ಪಿನ ಸಾನ್ ಒಬ್ಬರಿಗೆ ಇರಲಿಲ್ಲ.

ನಮ್ಮ ವಾಹಿನಿ ಆ ಹಣವನ್ನು ಎಲ್ಲಿಂದ ತರಬೇಕು? ಬಾಕ್ಸಿಂಗಿಗೆ ನಮ್ಮ ಹಳೆಯ ಪ್ರಾಯೋಜಕರು ಬಿಸಿನೀರಿನ ಸ್ನಾನಗೃಹಗಳ ಒಂದು ಕಂಪನಿ. ನೂರಾರು ಜನ ಒಟ್ಟಿಗೆ ಬೆತ್ತಲೆ ಕೂತು ಸ್ನಾನ ಮಾಡುವ ವ್ಯಾಪಾರ, ಸೋಂಕಿನ ಕಾಲದಲ್ಲಿ ಅದಕ್ಕಿಂತ ಕೆಟ್ಟ ವ್ಯಾಪಾರ ಬೇರೆ ಯಾವುದಿದೆ? ಅವರು ಅರ್ಧ ಬಾಗಿಲು ಹಾಕಿದ್ದರು, ಜಾಹೀರಾತು ಪೂರ್ತಿ ನಿಲ್ಲಿಸಿದ್ದರು. ಮದುವೆ ಮಂಟಪದವರೂ ಇಲ್ಲ, ಬಸ್ ಪ್ರವಾಸದವರೂ ಇಲ್ಲ. ಉಳಿದ ಕಂಪನಿಗಳಿಗೆ ಬಾಕ್ಸಿಂಗ್ ಬೇಡ. ಅದನ್ನು ನೋಡುವವರು ಐವತ್ತು ದಾಟಿದ ಗಂಡಸರು, ಅವರು ಶಾಂಪೂ ಕೊಳ್ಳುವುದಿಲ್ಲ, ಡಯಾಪರ್ ಕೊಳ್ಳುವುದಿಲ್ಲ. ದೇಶವೇ ನೋಡುವಂಥ ದೊಡ್ಡ ಬಾಕ್ಸರ್‌ಗಳು ಅಷ್ಟರಲ್ಲಿ ಹಣ ಕಟ್ಟಿ ಫೋನಿನಲ್ಲಿ ನೋಡುವ ಕಡೆಗೆ ಹೊರಟುಹೋಗುತ್ತಿದ್ದರು. ನಮ್ಮ ಪಾಲಿಗೆ ಉಳಿದದ್ದು ಸೊಪ್ಪಿನ ಸಾನ್ ಥರದವರು.

ಅದೇ ಭಾನುವಾರದ ಹೊತ್ತನ್ನು ಟೆಲಿಶಾಪಿಂಗಿನವರು ಕೇಳಿದರು. ಹಾಸಿಗೆ, ಪಾತ್ರೆ, ಹೊಟ್ಟೆ ಕರಗಿಸುವ ಬೆಲ್ಟು ಮಾರುವವರು. ಬಾಕ್ಸಿಂಗ್ ತೋರಿಸಲು ನಾವು ಹಣ ಕೊಡಬೇಕು, ಇವರು ತಾವೇ ಕಾರ್ಯಕ್ರಮ ಮಾಡಿಕೊಂಡು ಬಂದು ನಮಗೆ ಹಣ ಕೊಡುತ್ತಾರೆ. ಈ ಎರಡನ್ನೂ ಪಕ್ಕ ಪಕ್ಕದ ಸಾಲಿನಲ್ಲಿ ಬರೆದು ತೋರಿಸುವ ಕೆಲಸ ನನಗೇ ಬಂತು. ಇಷ್ಟಾದ ಮೇಲೆ ವಾದಕ್ಕೆ ಏನುಳಿಯಿತು? ಮಗುವಿಗೆ ತೋರಿಸಿದರೂ ಯಾವ ಸಾಲು ಎಂದು ಬೆರಳಿಟ್ಟು ಹೇಳುತ್ತಿತ್ತು.

ಆದರೂ ಬುಚೋ ಹತ್ತಿರ ಹೋದೆ. ನೇರ ಪ್ರಸಾರ ಬೇಡ, ಒಂದೇ ಕ್ಯಾಮೆರಾ ಇಟ್ಟು ಚಿತ್ರೀಕರಿಸಿ ಯಾವಾಗಲಾದರೂ ತೋರಿಸೋಣ, ಖರ್ಚು ಕಡಿಮೆ ಆಗುತ್ತದೆ ಎಂದೆ. ಅವರು ಕೇಳಿಸಿಕೊಂಡರು. ತಾವೇ ಆ ಲೆಕ್ಕ ಮೂರು ಸಲ ಹಾಕಿರುವುದಾಗಿ ಹೇಳಿ ಡ್ರಾಯರಿನಿಂದ ಹಾಳೆ ತೆಗೆದು ತೋರಿಸಿದರು. ಕ್ಯಾಮೆರಾ ಒಂದಾದರೂ ಜಿಮ್ಮಿಗೆ ಕೊಡುವ ಹಣ ಕಡಿಮೆಯಾಗುವುದಿಲ್ಲ.

"ನನಗೂ ಬೇಸರ" ಎಂದರು. "ಆದರೆ ಈ ತಿಂಗಳು ವಿಭಾಗದ ಲೆಕ್ಕದ ತೂತು ಮುಚ್ಚದಿದ್ದರೆ ಗುತ್ತಿಗೆಯವರನ್ನು ಇಟ್ಟುಕೊಳ್ಳಲು ಮೇಲಿನವರು ಒಪ್ಪುವುದಿಲ್ಲ. ನಮ್ಮಲ್ಲಿ ಗುತ್ತಿಗೆಯವರು ನೀವು, ಇನ್ನೊಬ್ಬರು, ಇಬ್ಬರೇ."

ಅದನ್ನವರು ಬೆದರಿಸಲು ಹೇಳಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದರು. ಬೆದರಿಸಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ.

ಅಲ್ಲಿ ಒಂದು ನಿರ್ಧಾರವಾಗಬೇಕಾದರೆ ಒಂದು ಕಾಗದ ಮೇಜಿನಿಂದ ಮೇಜಿಗೆ ನಡೆಯಬೇಕು. ಪ್ರತಿಯೊಬ್ಬರೂ ತಮ್ಮ ಹೆಸರಿನ ಪುಟ್ಟ ಗುಂಡು ಮೊಹರನ್ನು ಕೆಂಪು ಶಾಯಿಯಲ್ಲಿ ಒತ್ತಬೇಕು. ಊರೆಲ್ಲ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಒಂದು ಮೊಹರು ಒತ್ತುವುದಕ್ಕೆಂದೇ ಜನ ಖಾಲಿ ಸಬ್‌ವೇ ಹತ್ತಿ ಆಫೀಸಿಗೆ ಬರುತ್ತಿದ್ದರು. ಮೊದಲನೇ ಚೌಕ ಪಟ್ಟಿ ತಯಾರಿಸಿದವರದ್ದು. ನನ್ನದು. ಕಿರಿಯರು ಮೊಹರನ್ನು ಎಡಕ್ಕೆ ಸ್ವಲ್ಪ ವಾಲಿಸಿ ಒತ್ತಬೇಕು, ಹಿರಿಯರ ಮೊಹರಿಗೆ ಬಗ್ಗಿದ ಹಾಗೆ ಕಾಣಬೇಕೆಂದು ಬಂದ ವರ್ಷವೇ ಕಲಿಸಿದ್ದರು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಬಾಕ್ಸಿಂಗ್ ನಿಲ್ಲಿಸುವ ಆ ಕಾಗದದ ಮೇಲೆ ನಾನು ವಾಲಿಸಿಯೇ ಒತ್ತಿದೆ. ಅಭ್ಯಾಸ ಅಷ್ಟು ಚೆನ್ನಾಗಿ ಆಗಿತ್ತು.

ಏಳು ಮೊಹರು ಬೀಳಬೇಕಿತ್ತು. ಒಬ್ಬರು ಮಂಗಳವಾರ ಬರುವವರು, ಒಬ್ಬರು ಹದಿನೈದು ದಿನಕ್ಕೊಮ್ಮೆ, ಕೊನೆಯ ನಿರ್ದೇಶಕರು ಬುಧವಾರ ಮಾತ್ರ. ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಆದರೆ ಕೊನೆಯ ಮೊಹರು ಬಿದ್ದು ಪತ್ರ ಹೋಗುವ ತನಕ ಹೊರಗೆ ಬಾಯಿ ಬಿಡುವ ಹಾಗಿಲ್ಲ. ನಾನು ಸೇರುವಾಗಲೇ ಅದಕ್ಕೂ ಮೊಹರು ಒತ್ತಿ ಕೊಟ್ಟಿದ್ದೆ.

ಆ ಮೂರು ವಾರ ನಾನು ಅಂಗಡಿಗೆ ಹೋಗದೆ ಇರಬಹುದಿತ್ತು. ಗಂಡನನ್ನು ಕಳಿಸಿ ನೋಡಿದೆ. ಅವನು ಕೊತ್ತಂಬರಿಯ ಬದಲು ಸೆಲರಿ ತಂದ. ನಾನೇ ಹೋದೆ. ಸೊಪ್ಪಿನ ಸಾನ್ ದಿನದಿನಕ್ಕೂ ಸಣ್ಣಗಾಗುತ್ತಿದ್ದರು. ಎಷ್ಟು ಸಣ್ಣಗೆಂದರೆ ಏಪ್ರನ್ನಿನ ದಾರವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಮುಂದೆ ಗಂಟು ಹಾಕಿಕೊಳ್ಳುತ್ತಿದ್ದರು. ತೂಕ ಇಳಿಸಬೇಕು. ಬೆಳಿಗ್ಗೆ ಕೋಸಿನ ಎಲೆ, ಮಧ್ಯಾಹ್ನ ಬೇಯಿಸಿದ ಕೋಳಿಯ ಒಂದು ಚೂರು, ಸಂಜೆ ಮಳೆಯಂಗಿ ಹಾಕಿಕೊಂಡು ಓಟ. ಸುತ್ತ ಗುಡ್ಡೆ ಹಾಕಿದ ಗೆಣಸು, ದ್ರಾಕ್ಷಿ, ಆಗಷ್ಟೇ ಬಂದ ಪೇರು ಹಣ್ಣುಗಳ ನಡುವೆ ಆ ಮನುಷ್ಯ ಹಸಿದುಕೊಂಡು ನಿಂತು ಬೇರೆಯವರ ಬುಟ್ಟಿ ತುಂಬುತ್ತಿದ್ದರು. ಗಿರಾಕಿ ಇಲ್ಲದ ಹೊತ್ತು ನೋಡಿ ಮೆಲ್ಲಗೆ ಕೇಳುತ್ತಿದ್ದರು.

"ಓಕುಸಾನ್, ಟಿವಿಯವರು ಏನಾದರೂ ಅಂದರೇ?"

"ನನ್ನದು ಬರೀ ಪಟ್ಟಿ ತುಂಬುವ ಕೆಲಸ, ನನಗೆ ಗೊತ್ತಾಗುವುದಿಲ್ಲ."

"ಹೌದು, ಹೌದು. ಕೇಳಿದ್ದು ತಪ್ಪಾಯಿತು. ಸುಮಿಮಾಸೆನ್."

ಮೂರು ಸಲ ಹೀಗೆ ಕೇಳಿದರು, ಮೂರು ಸಲವೂ ನಾನು ಅದೇ ಸುಳ್ಳು ಹೇಳಿದೆ, ಮೂರು ಸಲವೂ ಅವರೇ ಕ್ಷಮೆ ಕೇಳಿದರು. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು. ಆ ಎರಡು ವರ್ಷದಲ್ಲಿ ಅದರ ಉಪಕಾರ ಸ್ಮರಿಸಿದ್ದು ಆಗ ಮಾತ್ರ.

ಗಂಡನಿಗೆ ಹೇಳಿದೆ. ಅವನು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ ಕೇಳಿದ.

"ಹೇಳ್ಬಿಟ್ರೆ ಏನಾಗತ್ತೆ?"

"ಕಾಂಟ್ರಾಕ್ಟ್ ಹೋಗತ್ತೆ. ಮತ್ತೆ ಯಾರೂ ತಗೊಳಲ್ಲ. ಏನೂ ಸಾಧಿಸಿದ ಹಾಗೂ ಆಗಲ್ಲ, ನಾನ್ ಹೇಳಿದ್ ತಕ್ಷಣ ಮ್ಯಾಚ್ ನಡಿಯತ್ತಾ?"

"ಇಲ್ಲ."

"ಮತ್ತೆ?"

"ಮತ್ತೆ ಏನ್ ಮಾಡಕ್ಕಾಗತ್ತೆ, ಬಿಡು. ಪತ್ರ ಹೋಗತ್ತಲ್ಲ, ಅವರಿಗೇ ಗೊತ್ತಾಗತ್ತೆ" ಎಂದು ಮತ್ತೆ ಹೆಡ್‌ಫೋನ್ ಹಾಕಿಕೊಂಡ. ಅವನ ಮೇಲೆ ಸಿಟ್ಟು ಬಂತು. ಆದರೆ ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಅಕ್ಟೋಬರಿನ ಮೊದಲ ಬುಧವಾರ ನಿರ್ದೇಶಕರು ಬಂದರು. ಕಾಗದವನ್ನು ಒಳಗೆ ತೆಗೆದುಕೊಂಡು ಹೋದದ್ದೂ ನಾನೇ. ಅವರು ಓದಲೂ ಇಲ್ಲ, ಆರು ಮೊಹರು ಬಿದ್ದಿದೆಯೇ ಎಂದು ನೋಡಿ ಏಳನೆಯದನ್ನು ನೆಟ್ಟಗೆ ಒತ್ತಿದರು. ಜಿಮ್ಮಿಗೆ ಪತ್ರ ಯಾವಾಗ ಹೋಗುತ್ತದೆಂದು ಬುಚೋರನ್ನು ಕೇಳಿದೆ. ಪತ್ರ ಬರೆಯಬೇಕಾದವರು ರಜೆಯಲ್ಲಿದ್ದಾರೆ, ಸೋಮವಾರ ಎಂದರು. ಫೋನು ಮಾಡಿ ಹೇಳಬಾರದೇ ಎಂದೆ. ಇಷ್ಟು ವರ್ಷದ ಸಂಬಂಧ, ಫೋನಿನಲ್ಲಿ ಹೇಳಿದರೆ ಮರ್ಯಾದೆಯಲ್ಲ, ಪತ್ರ ಹಿಡಿದುಕೊಂಡು ತಾವೇ ಹೋಗಿ ಬಗ್ಗಿ ಹೇಳಬೇಕು ಎಂದರು. ಅದೂ ಸರಿಯಾಗಿಯೇ ಇತ್ತು. ಆ ಆಫೀಸಿನಲ್ಲಿ ಪ್ರತಿಯೊಬ್ಬರೂ ಸರಿಯಾಗಿಯೇ ನಡೆದುಕೊಳ್ಳುತ್ತಿದ್ದರು.

ಬುಧವಾರದಿಂದ ಸೋಮವಾರಕ್ಕೆ ಐದು ದಿನ. ಮನೆಗೆ ಬರುವಾಗ ಸಬ್‌ವೇಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು, ಅದಕ್ಕೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಆದರೆ ನಡೆಯದ ಪಂದ್ಯಕ್ಕಾಗಿ ಅವರು ಇನ್ನೂ ಐದು ದಿನ ಕೋಸಿನ ಎಲೆ ತಿಂದುಕೊಂಡಿರುತ್ತಾರೆ, ನಾನು ಸೊಪ್ಪು ಕೊಂಡುಕೊಂಡು ಅದನ್ನು ನೋಡುತ್ತ ನಿಂತಿರುತ್ತೇನೆ. ಈ ಐದು ದಿನ ಮಾತ್ರ ಯಾರ ಮೊಹರೂ ಇಲ್ಲದೆ ನನ್ನ ಕೈಯಲ್ಲಿತ್ತು.

ಗುರುವಾರ ರಜೆ ಹಾಕಿದೆ. ಬೆಳಿಗ್ಗೆ ಎದ್ದು ಅನ್ನ ಮಾಡಿದೆ, ಬೇಳೆ ಹುಳಿ, ಆಲೂಗಡ್ಡೆ ಪಲ್ಯ, ನಾಲ್ಕು ಚಪಾತಿ, ಮೇಲೆ ತುಪ್ಪ, ಎಲ್ಲವನ್ನೂ ಅಂತಸ್ತಿನ ಡಬ್ಬಿಗೆ ತುಂಬಿದೆ. ಮಗಳು ಇವತ್ತೇನು ಹಬ್ಬ ಎಂದು ಕೇಳಿದಳು. ಅಂಗಡಿಯ ಹಿಂದೆ, ಸಾಮಾನು ಇಳಿಸುವ ಜಾಗದಲ್ಲಿ ಅವರು ರಟ್ಟಿನ ಪೆಟ್ಟಿಗೆಗಳನ್ನು ಚಪ್ಪಟೆ ಮಾಡಿ ಕಟ್ಟುತ್ತಿದ್ದರು. ನನ್ನನ್ನು ಅಲ್ಲಿ ಕಂಡು ಗಾಬರಿಯಾಗಿ, ಕೊತ್ತಂಬರಿ ಒಳಗಿದೆ, ಈಗಲೇ ತರುತ್ತೇನೆ ಎಂದರು. ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. ದಾರಿಯಲ್ಲಿ ಎಷ್ಟೋ ವಾಕ್ಯ ಜೋಡಿಸಿಕೊಂಡಿದ್ದೆ, ಆರು ವರ್ಷ ಕಲಿತ ವಿನಯದ ಮಾತುಗಳೆಲ್ಲ ಇದ್ದವು.

"ಊಟ ಮಾಡಿ" ಎಂದೆ.

ಅವರು ನಕ್ಕು, ಬಹಳ ಸಂತೋಷ, ಆದರೆ ಇನ್ನೂ ಎರಡು ಕಿಲೋ ಇಳಿಸಬೇಕು, ಪಂದ್ಯ ಮುಗಿದ ಮೇಲೆ ಖಂಡಿತ ಎಂದರು. ನಾನು ಡಬ್ಬಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಟಿವಿ ಎಂದು ಹೇಳಲಿಲ್ಲ, ಕಾಗದ ಎಂದು ಹೇಳಲಿಲ್ಲ. ಮತ್ತೊಮ್ಮೆ, ಇವತ್ತೇ ಊಟ ಮಾಡಿ ಎಂದೆ. ಕೈ ಚಾಚಿಕೊಂಡು ಹಾಗೇ ನಿಂತೆ. ನಗು ಮೆಲ್ಲಗೆ ಹೋಯಿತು. ಅವರು ನನ್ನ ಮುಖವನ್ನು, ಅಂದರೆ ಮಾಸ್ಕಿನ ಮೇಲೆ ಕಾಣುವಷ್ಟನ್ನು, ಬಹಳ ಹೊತ್ತು ನೋಡಿದರು. ಲಾರಿಯೊಂದು ಹಿಂದೆ ಸರಿಯುತ್ತ ಬೀಪ್ ಬೀಪ್ ಅನ್ನುತ್ತಿತ್ತು.

"ತಿನ್ನಬಹುದಾ, ಓಕುಸಾನ್?"

"ತಿನ್ನಬಹುದು."

ಅವರು ಡಬ್ಬಿ ತೆಗೆದುಕೊಂಡು ಬಗ್ಗಿದರು. ಬಗ್ಗಿದವರು ಸ್ವಲ್ಪ ಹೊತ್ತು ಮೇಲೇಳಲಿಲ್ಲ. ಆಮೇಲೆ ಒಂದು ಕ್ರೇಟನ್ನು ಬೋರಲು ಹಾಕಿ ಕೂತು, ಮಾಸ್ಕ್ ತೆಗೆದು ಮಡಚಿ ಜೇಬಿಗಿಟ್ಟು, ಕೈಜೋಡಿಸಿ, ಅಲ್ಲಿ ಎಲ್ಲರೂ ಊಟಕ್ಕೆ ಮುಂಚೆ ಹೇಳುವ ಮಾತನ್ನು ಹೇಳಿದರು. ಕೆನ್ನೆಯ ಮೂಳೆ ಎದ್ದು ನಿಂತಿತ್ತು. ಚಪಾತಿಯನ್ನು ಸುರುಳಿ ಸುತ್ತಿ ಎರಡು ತುತ್ತಿಗೆ ಒಂದನ್ನು ಮುಗಿಸಿದರು. ಹುಳಿಯನ್ನು ಡಬ್ಬಿಯಿಂದಲೇ ಕುಡಿದರು. ಅನ್ನವನ್ನು ತಲೆಯೆತ್ತದೆ, ಒಂದಗುಳೂ ಬಿಡದೆ ತಿಂದರು. ನಾನು ಎದುರಿಗೆ ನಿಂತಿದ್ದೆ. ಅವರು ಅಳುತ್ತಿದ್ದರೋ ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತೋ, ನಾನು ನೋಡಲು ಹೋಗಲಿಲ್ಲ.

ಬೆರಳಿನಿಂದ ತುಪ್ಪವನ್ನು ಸವರಿ ಬಾಯಿಗಿಟ್ಟುಕೊಂಡು ಕೊನೆಗೆ ತಲೆಯೆತ್ತಿದರು.

"ಸುಮಿಮಾಸೆನ್, ಓಕುಸಾನ್" ಎಂದರು. "ಇನ್ನೂ ಸ್ವಲ್ಪ ಇದೆಯಾ?"

ನಾನು ಒಂದೇ ಡಬ್ಬಿ ತಂದಿದ್ದೆ.